ಗೋಡೆ ದಾಟದ ಕೆಮ್ಮು

ಧಾರವಾಡ
11 ಏಪ್ರಿಲ್ 2025

ಯಾಮಿನಿ,

ಮಾದರಿ ಪೆಟ್ಟಿಗೆಯೊಳಗಿಂದ ಕಾಗದ ಬಂತೆಂದು ಗಾಬರಿಯಾಗಬೇಡ. ಜಿಗಣಿಯ ಕಲ್ಲು ಕೆಲಸದವರ ಕಫದ ಡಬ್ಬಿಗಳನ್ನು ಹೊತ್ತು ಪ್ರತಿ ವಾರ ನಿಮ್ಮಲ್ಲಿಂದ ಬರುತ್ತದಲ್ಲ, ಅದೇ ಪೆಟ್ಟಿಗೆ. ಶುಕ್ರವಾರ ಅದನ್ನು ತೊಳೆದು ಒಣಗಿಸಿ ವಾಪಸ್ ಬಸ್ಸಿಗೆ ಹಾಕುತ್ತೇವೆ. ಮುಚ್ಚಳದ ಮೇಲೆ ರಶೀದಿ ಇಡುವ ಜೇಬು ಚೊಕ್ಕಟವಾಗಿದೆ. ಅಲ್ಲಿ ಇಟ್ಟಿದ್ದೇನೆ.

ಮಂಗಳವಾರ ನಮ್ಮ ಧಾರವಾಡದ ಕೋಣೆಯನ್ನು ನಿಮ್ಮ ಬೆಂಗಳೂರಿನ ಕೋಣೆಗೆ ಜೋಡಿಸುವ ವಿಡಿಯೋ ಗೋಡೆಯ ಮೇಲೆ ನಿನ್ನ ಮುಖ ಕಂಡಾಗ ನಾನು ಓದುತ್ತಿದ್ದ ಸಾಲು ಎಲ್ಲಿಗೆ ನಿಂತಿತೋ ನನಗೇ ತಿಳಿಯಲಿಲ್ಲ. ಒಂಬತ್ತು ವರ್ಷ! ನಿಮ್ಮ ದ್ವಾರಕಾನಾಥ ಸರ್, "ಇವ್ರು ಯಾಮಿನಿ, ಈ ಗೋಡೆ ಕಟ್ಟಿದೋರು, ಇಷ್ಟು ದಿನ ಪಕ್ಕದ ರೂಮಲ್ಲಿದ್ರು, ಇನ್ಮೇಲೆ ಮೇಜಿಗೇ ಬರ್ತಾರೆ" ಎಂದು ಪರಿಚಯಿಸಿದರು. ನಾನು "ನಮಸ್ಕಾರ" ಅಂದೆ. ನೀನು "ನಮಸ್ಕಾರ ಡಾಕ್ಟರ್" ಅಂದೆ. ಬೊಮ್ಮನಹಳ್ಳಿಯ ಪಿಜಿಯಲ್ಲಿ ಒಂದೇ ಬಕೆಟ್ಟಿಗೆ ಕಿತ್ತಾಡಿದವರು ನಾವು.

ಫೋನ್ ನಂಬರು ಕೇಳಬಹುದಿತ್ತು. ಆದರೆ ನಮ್ಮ ಕಡೆ ಎಂಟು ಜನ, ನಿಮ್ಮ ಕಡೆ ಎಂಟು ಜನ, ನಡುವೆ ಆಡಿದ್ದನ್ನೆಲ್ಲ ಬರೆದುಕೊಳ್ಳುವ ಯಂತ್ರ. ಈ ಗೋಡೆಯಲ್ಲಿ ಒಂದು ಕೋಣೆ ಇನ್ನೊಂದು ಕೋಣೆಯ ಜೊತೆ ಮಾತಾಡಬಹುದೇ ಹೊರತು ಒಬ್ಬಳು ಇನ್ನೊಬ್ಬಳ ಜೊತೆ ಮಾತಾಡುವ ಹಾಗಿಲ್ಲ. ಪಿಜಿಯಲ್ಲಿ ನನಗೆ ಹಗಲು ಆಸ್ಪತ್ರೆ, ನಿನಗೆ ಸಂಜೆ ಪಾಳಿ. ಆಗಲೂ ನಾವು ಚೀಟಿಯಲ್ಲೇ ಮಾತಾಡಿಕೊಂಡವರಲ್ಲವೇ? ಅದಕ್ಕೇ ಬರೆದೆ.

ಅಪ್ಪ, ಅಮ್ಮ ಹೇಗಿದ್ದಾರೆ? ನಾನು ಮದುವೆಯಾಗಿಲ್ಲ. ನೀನು?

ನಿನ್ನ,
ಕಾವ್ಯಾ


ಬಾಗಲಗುಂಟೆ
27 ಏಪ್ರಿಲ್ 2025

ಕಾವ್ಯಾ,

ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಡಾ. ಕಾವ್ಯಾ ಚನ್ನವೀರಪ್ಪ ಎಂಬ ಹೆಸರನ್ನು ಒಂದು ವರ್ಷದ ಹಿಂದೆಯೇ ಯಾವುದೋ ಕಾಗದದ ಕೆಳಗೆ ನೋಡಿದ್ದೆ. ನೀನೇ ಎಂದು ಗೊತ್ತಿತ್ತು. ಪಕ್ಕದ ಕೋಣೆಯಲ್ಲಿ ಕುಳಿತು ನಿನ್ನ ದನಿಯ ಏರಿಳಿತವನ್ನು ಸರಿಪಡಿಸುತ್ತಿದ್ದೆ. ಬಂದು ಮುಖ ತೋರಿಸಲಿಲ್ಲ. ಯಾಕೆಂದು ಕೇಳಬೇಡ.

ಅಪ್ಪನಿಗೆ ಕಿವಿ ಪೂರ್ತಿ ಹೋಗಿದೆ. ಮೂವತ್ತೊಂದು ವರ್ಷ ಸರ್ಕಾರಿ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಶಾಪಿನ ಗದ್ದಲದಲ್ಲಿ ನಿಂತವರು. ಅಮ್ಮ ಹೇಳಬೇಕಾದದ್ದನ್ನೆಲ್ಲ ಸ್ಲೇಟಿನ ಮೇಲೆ ಬರೆದು ತೋರಿಸುತ್ತಾಳೆ. ನಾನೂ ಮದುವೆಯಾಗಿಲ್ಲ.

ನನ್ನ ಕೆಲಸವೇನೆಂದು ನಿನಗೆ ಕಾಣುವುದಿಲ್ಲ. ಕಾಣಬಾರದು, ಅದೇ ಅದರ ಗುಣ. ಚಿತ್ರ ದೊಡ್ಡದು ಮಾಡುವುದು ಯಾರಿಗೂ ಬರುತ್ತದೆ. ಹದಿನಾರು ಜನ ಎರಡು ಊರಿನಲ್ಲಿ ಕೂತು ಒಂದೇ ಮೇಜಿಗೆ ಕೂತಂತೆ ಕೇಳಿಸಬೇಕು, ಕಷ್ಟ ಅಲ್ಲಿದೆ. ಏಸಿಯ ಗುಂಯ್‌ಗುಡುವಿಕೆ, ಕುರ್ಚಿ ಎಳೆದದ್ದು, ಸೀನು, ಕೆಮ್ಮು, ಹೊಸೂರು ರಸ್ತೆಯ ಹಾರನ್ನು, ಇವನ್ನೆಲ್ಲ ತೆಗೆದು ಮಾತನ್ನು ಮಾತ್ರ ನಿಮಗೆ ದಾಟಿಸುವ ಫಿಲ್ಟರ್ ನಾನು ಬರೆದದ್ದು. ಕೆಮ್ಮು ತುಂಬಾ ಸತಾಯಿಸಿತು. ಅದೂ ಗಂಟಲಿನಿಂದಲೇ ಬರುತ್ತದಲ್ಲ, ಯಂತ್ರಕ್ಕೆ ಮಾತೆಂದೇ ಅನಿಸುತ್ತದೆ. ಕೊನೆಗೆ ಕಾಪಾಡಿದವರು ವೆಂಕಟಪ್ಪ. ಮೇಜಿನ ಎಡತುದಿಯಲ್ಲಿ ಕೂರುತ್ತಾರಲ್ಲ, ಖಾಕಿ ಸ್ವೆಟರ್ ಅವರು. ಜಿಗಣಿಯಲ್ಲಿ ಹದಿನಾಲ್ಕು ವರ್ಷ ಗ್ರಾನೈಟ್ ಪಾಲಿಶ್ ಮಾಡಿ, ಏಳು ವರ್ಷದ ಹಿಂದೆ ಬಿಟ್ಟವರು. ನಮ್ಮ ಅಧ್ಯಯನಕ್ಕೆ ಕಲ್ಲು ಕೆಲಸದವರನ್ನು ಮನವೊಲಿಸಿ ಕರೆತರುವುದು ಅವರೇ. ಒಂದು ದಿನ ಅವರಾಗಿಯೇ ಹೇಳಿದರು: "ನಿಮ್ ಮಿಷಿನ್ಗೆ ಕೆಮ್ಮು ಕಲಿಸ್ಬೇಕಾ ಅಮ್ಮಾ? ನನ್ನನ್ನೇ ಹಿಡ್ಕಳಿ. ದಿನಾ ಕೊಡ್ತೀನಿ." ಎಲ್ಲರೂ ನಕ್ಕೆವು. ಕಳೆದ ವರ್ಷದ ಜನವರಿಯಿಂದ ಅವರ ಕೆಮ್ಮನ್ನೇ ತಾರೀಕು ಹಾಕಿ ಹಾಕಿ ಯಂತ್ರಕ್ಕೆ ತಿನ್ನಿಸಿದ್ದೇನೆ. ಈಗ ಅವರು ಎಷ್ಟೇ ಕೆಮ್ಮಲಿ, ನಿಮಗೆ ಒಂದು ಚೂರೂ ಕೇಳಿಸದು.

ನಿನ್ನ ಮುಂದೆ ಜಂಬ ಕೊಚ್ಚಿಕೊಳ್ಳಬೇಕೆಂದು ಬಹಳ ವರ್ಷದ ಆಸೆ ಇತ್ತು. ತೀರಿತು.

ಯಾಮಿನಿ


ಧಾರವಾಡ
6 ಜೂನ್ 2025

ಯಾಮಿನಿ,

ಈ ತಿಂಗಳು ನೀವು ಕಳಿಸಿದ ಎದೆಯ ಚಿತ್ರಗಳಲ್ಲಿ ಮೂವತ್ತೊಂದರಲ್ಲಿ ಕಲೆ ಇದೆ. ಕಲ್ಲಿನ ಪುಡಿ ಒಮ್ಮೆ ಕೂತರೆ ಏಳುವುದಿಲ್ಲ, ಅದಕ್ಕೆ ಮದ್ದಿಲ್ಲ. ಆದರೆ ಆ ಎದೆಗೆ ಕ್ಷಯ ಬೇಗ ಸೇರಿಕೊಳ್ಳುತ್ತದೆ; ಕ್ಷಯಕ್ಕೆ ಮದ್ದಿದೆ. ನಾವು ಹುಡುಕುತ್ತಿರುವುದು ಅದನ್ನೇ, ಅದು ಬಲಿಯುವುದಕ್ಕೆ ಮೊದಲು. ಮೂವತ್ತೊಂದರಲ್ಲಿ ನಾಲ್ವರಿಗೆ ಸಿಕ್ಕಿದೆ, ಮಾತ್ರೆ ಶುರುವಾಗಿದೆ. ನಿನ್ನ ಗೋಡೆ ಇಲ್ಲದಿದ್ದರೆ ಈ ನಾಲ್ವರ ವಿಷಯ ತೀರ್ಮಾನವಾಗಲು ಮೂರು ತಿಂಗಳ ಈಮೇಲು ಬೇಕಿತ್ತು. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ.

ಬೆಳಿಗ್ಗೆ ಹತ್ತಕ್ಕೆ ಗೋಡೆ ಬೆಳಗಿದೊಡನೆ ವೆಂಕಟಪ್ಪ ಎದ್ದು ನಿಂತು ಕೈ ಮುಗಿಯುತ್ತಾರೆ. ನಮ್ಮ ಇರಣ್ಣ ಸರ್ ದೊಡ್ಡ ತಜ್ಞರು, ಇಲ್ಲಿಯ ತಂಡದ ಮುಖ್ಯಸ್ಥರು, ಯಾರನ್ನೂ ತಲೆ ಎತ್ತಿ ನೋಡದವರು ಅವರಿಗೆ ಮಾತ್ರ "ಆರಾಮ್ರೀ ವೆಂಕಟಪ್ಪ?" ಅನ್ನುತ್ತಾರೆ. "ನಿಮ್ ದಯ ಸಾಮಿ" ಅನ್ನುತ್ತಾರೆ ಅವರು. ನಾವು ಎಂಟು ಜನ ಎದೆರೋಗದ ವೈದ್ಯರು ದಿನವೂ ಒಬ್ಬ ಮನುಷ್ಯನನ್ನು ಹೀಗೆ ಆರಾಮವೇ ಎಂದು ಕೇಳಿ ಕೆಲಸ ಶುರು ಮಾಡುತ್ತೇವೆ. ನನಗೆ ಅದು ಇಷ್ಟ.

ಒಮ್ಮೆ ಬೆಂಗಳೂರಿಗೆ ಬಂದರೆ ನಿನ್ನ ಮನೆಯಲ್ಲಿ ಇಳಿದುಕೊಳ್ಳಲೇ?

ಕಾವ್ಯಾ


ಬಾಗಲಗುಂಟೆ
24 ಆಗಸ್ಟ್ 2025

ಕಾವ್ಯಾ,

ನೀನು ಬರುತ್ತೇನೆಂದಿದ್ದು ಜುಲೈನಲ್ಲಿ. ಅಮ್ಮ ಎರಡು ಸಲ ಹಾಸಿಗೆ ಬಿಸಿಲಿಗೆ ಹಾಕಿದಳು. ಇರಲಿ, ಗೋಡೆ ಇರುವಾಗ ಪ್ರಯಾಣಭತ್ಯೆ ಯಾಕೆಂದು ನಿಮ್ಮ ಕಚೇರಿಯವರು ಕೇಳಿದ್ದು ನನಗೂ ಗೊತ್ತಾಯಿತು. ಗೋಡೆಯ ಲಾಭಗಳ ಪಟ್ಟಿಯಲ್ಲಿ ಮೊದಲ ಸಾಲೇ ಅದು, ಬರೆದದ್ದೂ ನಾನೇ.

ಹಳದಿ ಮೆಟ್ರೋ ಶುರುವಾಯಿತು. ಬಾಗಲಗುಂಟೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಎರಡೂಕಾಲು ಗಂಟೆ ಬಸ್ಸಿನಲ್ಲಿ ಜೋತಾಡುವುದು ತಪ್ಪಿತು. ಮೊನ್ನೆ ನಿಲ್ದಾಣದ ಮೆಟ್ಟಿಲಿನಲ್ಲಿ ವೆಂಕಟಪ್ಪ ಕಂಡರು. ಅರ್ಧಕ್ಕೆ ನಿಂತು ಕಂಬಿ ಹಿಡಿದುಕೊಂಡಿದ್ದರು. "ಏನ್ ವೆಂಕಟಪ್ಪ, ಲಿಫ್ಟ್ ಇದೆಯಲ್ಲ" ಅಂದೆ. "ಅದ್ರಲ್ಲಿ ಉಸ್ರು ಕಟ್ತದೆ ಅಮ್ಮಾ, ಇಂಗೇ ವಾಸಿ" ಎಂದರು. ಸ್ವೆಟರ್ ಸಡಿಲವಾಗಿತ್ತು. ಮಳೆಗಾಲದ ಶೀತ, ಜಿಗಣಿಯಲ್ಲಿ ಟಾನಿಕ್ ಕೊಟ್ಟಿದ್ದಾರಂತೆ. ನಾನು ಮನೆಯಿಂದ ಶುಂಠಿ ಕಷಾಯದ ಪುಡಿ ತಂದುಕೊಟ್ಟೆ. ಅವರ ಹೆಂಡತಿ ಅನುಸೂಯಮ್ಮ ಮರುದಿನ ಅದಕ್ಕೆ ಪ್ರತಿಯಾಗಿ ಒಂದು ಡಬ್ಬಿ ಹುರಿಗಡಲೆ ಚಟ್ನಿಪುಡಿ ಕಳಿಸಿದರು.

ಅವರೂ ಒಂದು ಎಕ್ಸ್‌ರೇ ತೆಗೆಸಿಕೊಳ್ಳಲಿ ಎಂದು ದ್ವಾರಕಾನಾಥ ಸರ್‌ಗೆ ಹೇಳಿದ್ದೆ. ನಿಯಮದಂತೆ ಅಧ್ಯಯನದ ಸಿಬ್ಬಂದಿಯನ್ನು ಅಧ್ಯಯನಕ್ಕೆ ಸೇರಿಸುವ ಹಾಗಿಲ್ಲವಂತೆ. ಹೊರಗೆ ಎಲ್ಲಾದರೂ ತೆಗೆಸಿಕೊಳ್ಳಲಿ ಎಂದರು. ಹೊರಗೆ ತೆಗೆಸಿಕೊಳ್ಳಿ ಎಂದು ನಾನೂ ಹೇಳಿದೆ. "ಆಯ್ತಮ್ಮಾ" ಎಂದರು. ಆಮೇಲೆ ಹೊಸ ಆವೃತ್ತಿಯ ಕೆಲಸ ಬಂತು, ನಾನು ಕೇಳಲಿಲ್ಲ.

ಯಾಮಿನಿ


ಧಾರವಾಡ
17 ಅಕ್ಟೋಬರ್ 2025

ಯಾಮಿನಿ,

ನಿನ್ನೆ ಗೋಡೆಯ ಎದುರು ನಾನು ಕೂಗಾಡಿದ್ದಕ್ಕೆ ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ.

ನೀನು ಮೇಲಿನ ಮಹಡಿಯಲ್ಲಿದ್ದೆ, ಹಾಗಾಗಿ ನಡೆದದ್ದನ್ನು ಬರೆಯುತ್ತೇನೆ. ಹನ್ನೊಂದೂ ಹತ್ತಕ್ಕೆ ನಿಮ್ಮ ಕಡೆಯ ಸದ್ದು ಇದ್ದಕ್ಕಿದ್ದಂತೆ ಬದಲಾಯಿತು. ಫ್ಯಾನು, ಲಾರಿ, ಯಾರದೋ ಲೋಟ, ಎಲ್ಲ ಒಮ್ಮೆಗೇ ಬಂತು. ಅದರ ನಡುವೆ ಒಂದು ಕೆಮ್ಮು. ನಮ್ಮ ಮೇಜಿನಲ್ಲಿ ಎಂಟೂ ಜನ ತಲೆ ಎತ್ತಿದೆವು, ಯಾಮಿನಿ. ಎಂಟೂ ಜನ. ಆ ಕೆಮ್ಮನ್ನು ನಾವು ವಾರ್ಡಿನ ಬಾಗಿಲಲ್ಲೇ ಗುರುತಿಸುತ್ತೇವೆ.

ನಾನು "ಯಾರ್ರೀ ಅದು ಕೆಮ್ಮಾಕತ್ತಿದ್ದು?" ಎಂದೆ.

"ಸಾರಿ ಡಾಕ್ಟರ್, ಹೊಸ ವರ್ಷನ್ ಹಾಕ್ತಿದ್ದಾರೆ, ಫಿಲ್ಟರ್ ಆಫ್ ಆಗ್ಬಿಟ್ಟಿದೆ. ಐದೇ ನಿಮಿಷ," ಎಂದರು ದ್ವಾರಕಾನಾಥ ಸರ್. ಆಮೇಲೆ ಎಡಕ್ಕೆ ತಿರುಗಿ, "ವೆಂಕಟಪ್ಪ, ಸ್ವಲ್ಪ ಹೊರಗಿರಿ. ಅವ್ರಿಗೆ ಡಿಸ್ಟರ್ಬ್ ಆಗ್ತಿದೆ," ಎಂದರು.

ಅವರು ಬಾಯಿಗೆ ಟವೆಲು ಒತ್ತಿಕೊಂಡು ಎದ್ದರು. ನಮ್ಮ ಕಡೆ ಕೈ ಮುಗಿದರು. ತೊಂದರೆ ಕೊಟ್ಟೆನೆಂದು. ನಾನು ಎದ್ದು ನಿಂತು, "ಅವರನ್ನ ಕಳಸಬ್ಯಾಡ್ರೀ, ವಾಪಸ್ ಕರೀರಿ" ಅಂತ ಕೂಗಿದೆ. ಇರಣ್ಣ ಸರ್ ಕೂಡ ಕೂಗಿದರು. ಎಲ್ಲರೂ ಒಮ್ಮೆಗೇ ಕೂಗಿದ್ದರಿಂದ ನಿಮ್ಮ ಕಡೆ ಏನೂ ಸ್ಪಷ್ಟವಾಗಿ ಕೇಳಿಸಲಿಲ್ಲವಂತೆ. ಹನ್ನೊಂದು ನಿಮಿಷದ ನಂತರ ಫಿಲ್ಟರ್ ಬಂತು. ವೆಂಕಟಪ್ಪ ಒಳಗೆ ಬಂದು ಕೂತರು. ಅವರ ಭುಜ ಕುಲುಕುತ್ತಿತ್ತು, ಸದ್ದಿಲ್ಲ.

ಎಷ್ಟೋ ದಿನ ಆ ಭುಜ ಕುಲುಕುವುದನ್ನು ನೋಡಿದ್ದೆ. ನಗುತ್ತಿದ್ದಾರೆ ಅಂದುಕೊಂಡು ನಾನೂ ನಕ್ಕಿದ್ದೆ.

ಈ ಕಾಗದ ಸಿಕ್ಕ ದಿನವೇ ಅವರಿಗೆ ಎಕ್ಸ್‌ರೇ, ಕಫ ಪರೀಕ್ಷೆ ಎರಡೂ ಆಗಲಿ. ನಿಯಮ ಹೇಳುವವರನ್ನು ನನ್ನ ಹತ್ತಿರ ಕಳಿಸು. ನೀವು ಉಳಿದ ಏಳೂ ಜನ ಪರೀಕ್ಷೆ ಮಾಡಿಸಿಕೊಳ್ಳಿ; ಮನೆಯಲ್ಲಿ ವಯಸ್ಸಾದವರಿದ್ದಾರೆ. ಮತ್ತೆ ನಿನ್ನ ಹತ್ತಿರ ತಾರೀಕು ಹಾಕಿ ಇಟ್ಟಿರುವ ಆ ಕೆಮ್ಮುಗಳನ್ನೆಲ್ಲ ನನಗೆ ಕಳಿಸು.

ಕಾವ್ಯಾ


ಬಾಗಲಗುಂಟೆ
26 ಅಕ್ಟೋಬರ್ 2025

ಕಾವ್ಯಾ,

ವೆಂಕಟಪ್ಪನವರ ಎದೆಯ ಚಿತ್ರಗಳನ್ನು ನೀನು ಸೋಮವಾರವೇ ನೋಡಿದ್ದೀಯ, ನಾನು ಹೇಳುವುದೇನಿಲ್ಲ. ನಮ್ಮ ಏಳು ಜನರಿಗೂ ಏನೂ ಇಲ್ಲ. ಅಪ್ಪ ಅಮ್ಮನಿಗೂ ಇಲ್ಲ. ಈ ಸಮಾಧಾನ ಬಾಯಲ್ಲಿಟ್ಟುಕೊಳ್ಳಲಾಗದಷ್ಟು ಕಹಿಯಾಗಿದೆ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಕಿಟಕಿ ಪಕ್ಕದ ಮಂಚ. ಅನುಸೂಯಮ್ಮ ಹೊರಗೆ ಹೋದಮೇಲೆ ಅವರನ್ನು ಕೇಳಿದೆ, ಯಾಕೆ ಹೇಳಲಿಲ್ಲ ಎಂದು.

"ನಂಗ್ ಗೊತ್ತಿತ್ತು ಕಣಮ್ಮಾ," ಎಂದರು. "ಇನ್ನೂರು ಜನರ ಎದೆ ಫೋಟೋ ತೆಗೆಸ್ದೋನು ನಾನು. ನನ್ ಎದೆ ನಂಗ್ ಗೊತ್ತಾಗಾಕಿಲ್ವಾ?"

"ಮತ್ತೆ?"

"ರೋಗ ಇರೋನ್ನ ಏಸಿ ರೂಮಲ್ಲಿ ಡಾಕ್ಟ್ರು ಮುಂದೆ ಕೂರುಸ್ತಾರಾ? ಅಲ್ಲಿ ಎಲ್ರೂ ನನ್ನ ವೆಂಕಟಪ್ಪ ಅಂತ ಕರೀತಿದ್ರು, ಆರಾಮಾ ಅಂತಿದ್ರು. ಯಾವಾಗ ನಿಮ್ ಮಿಷಿನು ಕೆಮ್ಮು ನುಂಗ್ಕಳಾಕೆ ಸುರು ಮಾಡ್ತೋ, ಸದ್ಯ ಮರ್ವಾದೆ ಉಳೀತು ಅನ್ಕಂಡೆ."

ನನ್ನ ಯಂತ್ರವನ್ನು ಇಷ್ಟು ಮನಸಾರೆ ಹೊಗಳಿದವರು ಇನ್ನೊಬ್ಬರಿಲ್ಲ.

ಕೆಮ್ಮಿನ ಕಡತಗಳನ್ನು ಕಳಿಸಿದ್ದೇನೆ. ಇಪ್ಪತ್ತೊಂದು ತಿಂಗಳದು. ಮೊದಲಿನವು ನಲವತ್ತು ಗಂಟೆ ನಾನೇ ಕೂತು ಕೇಳಿದವು. ಮಾತಿಗೂ ಕೆಮ್ಮಿಗೂ ನಡುವಿನ ಗೆರೆ ಎಲ್ಲಿದೆ ಎಂದಷ್ಟೇ ಹುಡುಕುತ್ತಿದ್ದೆ.

ಇನ್ನೊಂದನ್ನು ಬರೆಯಬೇಕೋ ಬೇಡವೋ ಎಂದು ವಾರದಿಂದ ಯೋಚಿಸಿದೆ. ನಿನ್ನ ಹೆಸರನ್ನು ಒಂದು ಕಾಗದದ ಕೆಳಗೆ ನೋಡಿದ್ದೆ ಅಂದಿದ್ದೆನಲ್ಲ. ಕಳೆದ ವರ್ಷ ಫೆಬ್ರವರಿಯಲ್ಲಿ ನಿಮ್ಮ ತಂಡ ಕಳಿಸಿದ ದೂರು ಅದು. 'ಬೆಂಗಳೂರು ಕೋಣೆಯಿಂದ ಸತತ ಕೆಮ್ಮಿನ ಸದ್ದು, ಚರ್ಚೆಗೆ ಅಡ್ಡಿ, ದಯವಿಟ್ಟು ತಾಂತ್ರಿಕವಾಗಿ ಸರಿಪಡಿಸಿ.' ಎಂಟು ಸಹಿ. ಐದನೆಯದು ನಿನ್ನದು.

ನಿನ್ನನ್ನು ದೂರಲು ಹೇಳುತ್ತಿಲ್ಲ. ಒಬ್ಬಳೇ ಹೊರಲಾಗಲಿಲ್ಲ.

ಯಾಮಿನಿ


ಧಾರವಾಡ
14 ನವೆಂಬರ್ 2025

ಯಾಮಿನಿ,

ಹೌದು, ನನ್ನದೇ ಸಹಿ. ಒಂದು ಹಾಳೆ ಮೇಜಿನ ಮೇಲೆ ತಿರುಗುತ್ತಾ ಬಂತು, ಹಾಕಿದೆ, ಮುಂದೆ ಸರಿಸಿದೆ. ಆಗ ಕೋಣೆಯ ಮೈಕುಗಳು ಕೆಟ್ಟದಾಗಿದ್ದವು, ಎಲ್ಲ ಸದ್ದೂ ಡಬ್ಬದೊಳಗಿಂದ ಬಂದಂತೆ ಇರುತ್ತಿತ್ತು. ಅದು ಎಂಥ ಕೆಮ್ಮೆಂದು ತಿಳಿಯುತ್ತಿರಲಿಲ್ಲ. ಹೀಗೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಸಂಜೆಯ ಹೊತ್ತಿಗೆ ನಂಬಿಕೆ ಉಳಿಯುವುದಿಲ್ಲ.

ಕಡತಗಳನ್ನು ಕೇಳಿದೆ, ಮೊದಲಿನಿಂದ ಕೊನೆಯವರೆಗೆ, ನಾಲ್ಕು ದಿನ. ಇರಣ್ಣ ಸರ್ ಎರಡನೆಯ ದಿನ ಎದ್ದು ಹೋದರು. ಕಳೆದ ವರ್ಷದ ಜನವರಿಯಲ್ಲಿ ಅದು ಒಣ ಕೆಮ್ಮು, ಕಲ್ಲಿನದು. ನವೆಂಬರಿನಲ್ಲಿ ಒದ್ದೆಯಾಗುತ್ತದೆ. ಈ ವರ್ಷದ ಏಪ್ರಿಲ್‌ನಲ್ಲಿ, ನೀನು ನನಗೆ ಜಂಬ ಕೊಚ್ಚಿ ಬರೆದ ಅದೇ ವಾರ, ಕೆಮ್ಮಿನ ಕೊನೆಗೆ ಒಂದು ಸಣ್ಣ ಗೊರಗೊರ ಸೇರಿಕೊಂಡಿದೆ. ಆಗ ಕೇಳಿದ್ದರೆ ಕಲ್ಲು ಹೋಗುತ್ತಿರಲಿಲ್ಲ. ಕ್ಷಯ ಹೋಗುತ್ತಿತ್ತು. ಐದಾರು ವರ್ಷ ಇರುತ್ತಿದ್ದರು. ಈಗ ಮಾತ್ರೆಯನ್ನು ಅವರ ಯಕೃತ್ತು ತಡೆದುಕೊಳ್ಳುತ್ತಿಲ್ಲ, ನಿಲ್ಲಿಸಿ ನಿಲ್ಲಿಸಿ ಕೊಡುತ್ತಿದ್ದಾರೆ. ಅಲ್ಲಿಯ ವೈದ್ಯರ ಜೊತೆ ದಿನವೂ ಮಾತಾಡುತ್ತೇನೆ. ಅವರು ಮಾಡುತ್ತಿರುವುದೆಲ್ಲ ಸರಿಯಾಗಿದೆ. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ತಿಂಗಳ ಕೊನೆಗೆ ಈ ಕೆಲಸ ಬಿಡುತ್ತೇನೆ. ಇಳಕಲ್ಲಿನಲ್ಲಿ ಒಂದು ಸಣ್ಣ ಆಸ್ಪತ್ರೆಯಿದೆ, ಅಲ್ಲೂ ಗ್ರಾನೈಟಿನವರೇ. ಎದುರಿಗೆ ಕೂತು ಕೆಮ್ಮುತ್ತಾರೆ. ಅದರಿಂದ ಯಾರಿಗೂ ದೊಡ್ಡ ಉಪಕಾರವಾಗುತ್ತದೆಂಬ ಭ್ರಮೆಯಿಲ್ಲ. ಇಲ್ಲಿ ಹತ್ತು ಗಂಟೆಗೆ ಗೋಡೆ ಬೆಳಗಿದಾಗ ಆ ಖಾಲಿ ಕುರ್ಚಿಗೆ ಎದುರಾಗಿ ಕೂರಲಾರೆ, ಅಷ್ಟೇ.

ಸ್ವಲ್ಪ ದಿನ ಬರೆಯಬೇಡ. ನಿನ್ನ ಮೇಲೆ ಸಿಟ್ಟಿಲ್ಲ. ನಿನ್ನ ಅಕ್ಷರ ನೋಡಿದರೆ ನನ್ನ ಸಹಿ ನೆನಪಾಗುತ್ತದೆ.

ಕಾವ್ಯಾ


ಬಾಗಲಗುಂಟೆ
18 ಜನವರಿ 2026

ಕಾವ್ಯಾ,

ಬರೆಯಬೇಡ ಎಂದಿದ್ದೆ. ಎರಡು ತಿಂಗಳು ಬರೆಯಲಿಲ್ಲ. ಇರಣ್ಣ ಸರ್ ಹತ್ತಿರ ವಿಳಾಸ ತೆಗೆದುಕೊಂಡು ಇದನ್ನು ಅಂಚೆಗೆ ಹಾಕುತ್ತಿದ್ದೇನೆ.

ವೆಂಕಟಪ್ಪ ಡಿಸೆಂಬರ್ ಇಪ್ಪತ್ತೊಂಬತ್ತರ ಮಧ್ಯಾಹ್ನ ತೀರಿಕೊಂಡರು. ನಿನಗೆ ಸುದ್ದಿ ತಲುಪಿರುತ್ತದೆ. ನಾನು ಅಲ್ಲಿರಲಿಲ್ಲ. ವೈಟ್‌ಫೀಲ್ಡಿನ ಒಂದು ಕಂಪನಿಗೆ ಗೋಡೆಯನ್ನು ತೋರಿಸಲು ಕಳಿಸಿದ್ದರು. ಫಿಲ್ಟರನ್ನು ನಿಲ್ಲಿಸುವ ಗುಂಡಿ ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿರಲಿ, ವೈದ್ಯರು ಬಳಸುವ ಕಡೆ ಕೆಮ್ಮನ್ನು ತೆಗೆಯುವುದೇ ಬೇಡ ಎಂದು ನಾನು ಬರೆದುಕೊಟ್ಟಿದ್ದೆ. ಮೂರು ಸಭೆಯಾಯಿತು. ಕೊಳ್ಳುವವರೆಲ್ಲ ಮೊದಲು ಕೇಳುವುದೇ ಆ ನಿಶ್ಶಬ್ದವನ್ನಂತೆ. ಗುಂಡಿ ಇದೆ, ಸೆಟ್ಟಿಂಗ್ಸಿನಲ್ಲಿ ಆರು ಪುಟ ಒಳಗೆ. ನಾನು ಕೆಲಸ ಬಿಟ್ಟಿಲ್ಲ. ಬಿಡುತ್ತೇನೆಂದು ಅಮ್ಮನಿಗೆ ಹೇಳಿದೆ; ಅವಳು ಅದನ್ನು ಸ್ಲೇಟಿನ ಮೇಲೆ ಬರೆದು ಅಪ್ಪನಿಗೆ ತೋರಿಸಿದಳು; ಅಪ್ಪ ಓದಿ ಒರೆಸಿದರು.

ಶುಕ್ರವಾರ ಅನುಸೂಯಮ್ಮ ಕಚೇರಿಗೆ ಬಂದಿದ್ದರು. ಗಂಡ ಕೂರುತ್ತಿದ್ದ ಜಾಗ ನೋಡಬೇಕೆಂದರು. ಗೋಡೆ ಬೆಳಗಿತ್ತು. ನಿಮ್ಮ ಏಳೂ ಜನ ಅವರನ್ನು ಕಂಡು ಎದ್ದು ನಿಂತರು. ಅನುಸೂಯಮ್ಮ ಆ ಕುರ್ಚಿಯಲ್ಲಿ ಕೂರಲಿಲ್ಲ, ಬೆನ್ನಿನ ಮೇಲೆ ಕೈಯಿಟ್ಟು ನಿಂತರು.

"ಇದ್ರಲ್ಲಿ ಕಾವ್ಯಾ ಡಾಕ್ಟ್ರು ಯಾರು?" ಎಂದರು.

ಇರಣ್ಣ ಸರ್ ಹೇಳಿದರು: "ಅವರು ಇಲ್ಲರೀ ತಾಯಿ. ಬ್ಯಾರೆ ಊರಿಗೆ ಹೋದ್ರು."

"ಓ" ಎಂದರು. ಸ್ವಲ್ಪ ಹೊತ್ತು ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದರು. ಆಮೇಲೆ ಕೇಳಿದರು: "ನನ್ ತಮ್ಮ ಈಗ್ಲೂ ಪಾಲಿಶ್ಗೇ ಹೋಯ್ತಾನೆ ಸಾಮಿ. ಒಂಬತ್ತು ವರ್ಸ ಆಯ್ತು. ಎದೆ ಫೋಟೋದಲ್ಲಿ ಸಣ್ಣಗೆ ಚುಕ್ಕೆ ಅದೆ ಅಂದ್ರಂತೆ. ಅವ್ನು ಬಿಟ್ಬಿಡ್ಬೇಕಾ?"

"ಬಿಡಬೇಕ್ರೀ. ಇವತ್ತೇ ಬಿಡಬೇಕು," ಎಂದರು ಇರಣ್ಣ ಸರ್.

"ಬಿಟ್ಟು ಅವ್ನು ಏನ್ ಮಾಡ್ಲಿ?"

ಅವರು ಜಗಳಕ್ಕೆ ಕೇಳಲಿಲ್ಲ, ಕಾವ್ಯಾ. ಇಷ್ಟು ಓದಿದವರು ಎರಡು ಊರಿನಲ್ಲಿ ಕೂತಿದ್ದಾರೆ, ಯಾರಾದರೂ ಒಬ್ಬರಿಗೆ ಗೊತ್ತಿರುತ್ತದೆ ಎಂದು ಕೇಳಿದರು. ಇರಣ್ಣ ಸರ್ ನಮ್ಮ ಕಡೆ ನೋಡಿದರು. ದ್ವಾರಕಾನಾಥ ಸರ್ ಅವರ ಕಡೆ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಅನುಸೂಯಮ್ಮ ಸ್ವಲ್ಪ ಕಾದು, "ಬತ್ತೀನಿ" ಎಂದರು. ನಾವೆಲ್ಲ ಅವರಿಗೆ ಕೈ ಮುಗಿದೆವು.

ಅವರನ್ನು ಬಿಡಲು ಕೆಳಗೆ ಹೋದೆ. ಅನುಸೂಯಮ್ಮನ ತಮ್ಮ ಗೇಟಿನ ಹತ್ತಿರ ನಿಂತಿದ್ದ. ನಲವತ್ತರ ಆಸುಪಾಸು, ಕೆಲಸದ ಬಟ್ಟೆಯಲ್ಲೇ ಬಂದಿದ್ದ. "ಮುಗೀತಾ ಅಕ್ಕಾ? ಎರಡು ಗಂಟೆಗೆ ಪಾಳಿ," ಎಂದ. ಒಳಗೆ ಏನಂದರು ಎಂದು ಅವನು ಕೇಳಲಿಲ್ಲ, ಅನುಸೂಯಮ್ಮ ಹೇಳಲೂ ಇಲ್ಲ. ಬಿಸಿಲಿನಲ್ಲಿ ಮೂವರೂ ನಿಂತೆವು. ಜಿಗಣಿ ಬಸ್ಸು ದೂರದಲ್ಲಿ ಕಂಡಿತು. ಅವನ ಶರ್ಟಿನ ಬೆನ್ನಿನ ಮೇಲೆ ಕಲ್ಲಿನ ಪುಡಿ ಬೆಳ್ಳಗೆ ಕೂತಿತ್ತು. ಅನುಸೂಯಮ್ಮ ಅದನ್ನು ಎರಡು ಸಲ ಕೈಯಿಂದ ಕೊಡವಿದರು. ಆಮೇಲೆ ಆ ಅಂಗೈಯನ್ನು ಒಂದು ಗಳಿಗೆ ನೋಡಿಕೊಂಡು, ಸೆರಗಿಗೆ ಒರೆಸಿಕೊಂಡು, ಬಸ್ಸಿಗೆ ಕೈ ಅಡ್ಡ ಹಿಡಿದರು.

ಯಾಮಿನಿ